ಲೆಸ್ಲಿ ಚಾರ್ಲ್ಸ್ ಕೋಲ್ಮನ್

ಲೆಸ್ಲಿ ಚಾರ್ಲ್ಸ್ ಕೋಲ್ಮನ್ (1878–1954) ಕೆನಡ ಮೂಲದ ಶಿಲೀಂಧ್ರ ವಿಜ್ಞಾನಿ, ಸಸ್ಯರೋಗ ತಜ್ಞ ಮತ್ತು ಕೀಟ ವಿಜ್ಞಾನಿ. ಇವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕರು. ಮಲೆನಾಡಿನ ಅಡಿಕೆ ತೋಟಗಳನ್ನು ಮಳೆಗಾಲದಲ್ಲಿ ಕಾಡುತ್ತಿದ್ದ ಕೊಳೆರೋಗದ ಕಾರಣವನ್ನು ವೈಜ್ಞಾನಿಕವಾಗಿ ವಿವರಿಸಿ, ಬೋರ್ಡೋ ದ್ರಾವಣದ ಸಿಂಪಡಣೆಯಿಂದ ಅದನ್ನು ತಡೆಯುವ ಕ್ರಮವನ್ನು ರೂಪಿಸಿದ್ದು ಇವರ ಅತ್ಯಂತ ಪ್ರಸಿದ್ಧ ಕಾರ್ಯ. ಕಾಫಿಯ ಕಪ್ಪು ಕೊಳೆರೋಗ, ಶ್ರೀಗಂಧದ ಸ್ಪೈಕ್ ರೋಗ ಹಾಗೂ ಬಯಲುಸೀಮೆಯ ಜೋಳದ ಮಿಡತೆಯ ಬಗೆಗೂ ಇವರು ಸಂಶೋಧನೆ ನಡೆಸಿದರು. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಮತ್ತು ಮಂಡ್ಯದ ಸಕ್ಕರೆ ಉದ್ಯಮ ಇವುಗಳ ಆರಂಭದಲ್ಲಿ ಇವರ ಪಾತ್ರ ಹಿರಿದಾದುದು.

ಆರಂಭಿಕ ಜೀವನ ಮತ್ತು ಶಿಕ್ಷಣ

ಕೋಲ್ಮನ್ 1878ರಲ್ಲಿ ಕೆನಡದ ಒಂಟಾರಿಯೊ ಪ್ರಾಂತದ ಡರ್ಹಮ್ ಕೌಂಟಿಯಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದ ಬಳಿಕ ಹೆಚ್ಚಿನ ವ್ಯಾಸಂಗಕ್ಕಾಗಿ ಜರ್ಮನಿಗೆ ತೆರಳಿ, ಗಟ್ಟಿಂಗೆನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಮಣ್ಣಿನಲ್ಲಿ ಸಾರಜನಕವನ್ನು ನೈಟ್ರೇಟ್ ರೂಪಕ್ಕೆ ತರುವ ಬ್ಯಾಕ್ಟೀರಿಯಗಳ ಕ್ರಿಯೆ ಅವರ ಅಧ್ಯಯನದ ವಿಷಯವಾಗಿತ್ತು. ಕಣ್ಣಿಗೆ ಕಾಣದ ಜೀವಿಗಳನ್ನು ಅವು ಬದುಕುವ ಮಣ್ಣು, ತೇವ ಮತ್ತು ಉಷ್ಣಾಂಶಗಳೊಡನೆ ಸೇರಿಸಿಯೇ ಪರಿಶೀಲಿಸುವ ಈ ತರಬೇತಿ ಮುಂದೆ ಮಲೆನಾಡಿನಲ್ಲಿ ಅವರಿಗೆ ನೆರವಾಯಿತು.

ಮೈಸೂರು ಸಂಸ್ಥಾನದ ಸೇವೆ

ಮೈಸೂರಿನಲ್ಲಿ ವೈಜ್ಞಾನಿಕ ಕೃಷಿಗೆ ತಳಹದಿ ಬಿದ್ದದ್ದು 1899ರಲ್ಲಿ. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಕೃಷಿ ಪ್ರಯೋಗಗಳಿಗಾಗಿ ಒದಗಿಸಿದರು. ಆರಂಭದ ವರ್ಷಗಳಲ್ಲಿ ಕೃಷಿ ರಸಾಯನ ವಿಜ್ಞಾನಿ ಅಡಾಲ್ಫ್ ಲೇಮನ್ ಅಲ್ಲಿ ಮಣ್ಣು ಮತ್ತು ಗೊಬ್ಬರಗಳ ಬಗ್ಗೆ ಕೆಲಸ ಮಾಡಿದರು. ಆದರೆ ಬೆಳೆಗಳಿಗೆ ತಗಲುವ ರೋಗ ಮತ್ತು ಕೀಟಗಳನ್ನು ಅರಿಯಲು ಬೇರೆ ಬಗೆಯ ತಜ್ಞರೇ ಬೇಕಾಗಿದ್ದರು. ಈ ಅಗತ್ಯದಿಂದ 1908ರಲ್ಲಿ ಕೋಲ್ಮನ್ ಅವರನ್ನು ಸಂಸ್ಥಾನದ ಶಿಲೀಂಧ್ರ ಮತ್ತು ಕೀಟ ತಜ್ಞರನ್ನಾಗಿ ನೇಮಿಸಲಾಯಿತು.

1913ರಲ್ಲಿ ಕೃಷಿ ಇಲಾಖೆಯು ಪ್ರತ್ಯೇಕ ಇಲಾಖೆಯಾಗಿ ರೂಪುಗೊಂಡಾಗ ಕೋಲ್ಮನ್ ಅದರ ನಿರ್ದೇಶಕರಾದರು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರಾಗಿದ್ದರು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಆಡಳಿತದ ಹೊಣೆ ಹೆಚ್ಚಿದರೂ ಕೋಲ್ಮನ್ ಪ್ರಯೋಗಾಲಯವನ್ನು ಬಿಡಲಿಲ್ಲ. ಕೀಟ ವಿಜ್ಞಾನದಲ್ಲಿ ಕೆ. ಕುಂಞಿ ಕಣ್ಣನ್, ಶಿಲೀಂಧ್ರ ವಿಜ್ಞಾನದಲ್ಲಿ ಎಂ. ಕೆ. ವೆಂಕಟರಾವ್ ಮತ್ತು ಎಂ. ಜೆ. ನರಸಿಂಹನ್ ಅವರೊಂದಿಗೆ ಕೆಲಸ ಮಾಡಿದವರಲ್ಲಿ ಪ್ರಮುಖರು. ಇಲಾಖೆಯ ಪ್ರಕಟಣೆಗಳಲ್ಲಿ ಈ ಭಾರತೀಯ ಸಹೋದ್ಯೋಗಿಗಳ ಹೆಸರುಗಳು ಕೋಲ್ಮನ್ ಅವರ ಹೆಸರಿನ ಜೊತೆಯಲ್ಲಿಯೂ ಸ್ವತಂತ್ರವಾಗಿಯೂ ಕಾಣಿಸಿಕೊಂಡವು.

ಅಡಿಕೆಯ ಕೊಳೆರೋಗ

ಹಿನ್ನೆಲೆ

ಮಲೆನಾಡಿನಲ್ಲಿ ಅಡಿಕೆ ತೋಟಗಳು ಕಣಿವೆಗಳ ತಗ್ಗಿನಲ್ಲಿ, ಸುತ್ತಲಿನ ಕಾಡಿಗೆ ಹೊಂದಿಕೊಂಡು ಬೆಳೆದಿವೆ. ತೋಟಕ್ಕೆ ಬೇಕಾದ ಸೊಪ್ಪು ಮತ್ತು ದರಕು ಸೊಪ್ಪಿನ ಬೆಟ್ಟಗಳಿಂದ ಬರುತ್ತದೆ. ಈ ತಂಪು, ನೆರಳು ಮತ್ತು ತೇವ ಅಡಿಕೆ ಮರಕ್ಕೆ ಹಿತವಾದಂತೆಯೇ ಕೊಳೆರೋಗದ ಜೀವಿಗೂ ಹಿತವಾದುವು. ಮುಂಗಾರು ಬಲವಾಗಿ ಹಿಡಿದ ಕೆಲವು ವಾರಗಳಲ್ಲಿ ಎಳೆಯ ಕಾಯಿಗಳ ತೊಟ್ಟಿನ ಬಳಿ ನೀರು ತುಂಬಿದಂತಹ ಕಡುಹಸಿರು ಕಲೆಗಳು ಮೂಡುತ್ತವೆ. ಕಾಯಿ ಹೊಳಪು ಕಳೆದುಕೊಂಡು ಕೊಳೆಯುತ್ತದೆ, ಮೇಲೆ ಬಿಳಿಯ ಬೂಷ್ಟು ಹರಡುತ್ತದೆ, ಕೊನೆಗೆ ಗೊನೆಯಿಂದ ಕಳಚಿ ನೆಲಕ್ಕೆ ಬೀಳುತ್ತದೆ. ರೋಗವು ಗೊನೆಯಿಂದ ಸುಳಿಗೆ ಇಳಿದರೆ ಮರವೇ ಸಾಯುತ್ತದೆ. ಒಂದು ವರ್ಷದ ಫಸಲು ಹೋದರೆ ಮರುವರ್ಷ ಕಾಯಬಹುದು. ಮರ ಹೋದರೆ ಅದರ ಜಾಗದಲ್ಲಿ ನೆಟ್ಟ ಸಸಿ ಫಲ ಕೊಡಲು ಹಲವು ವರ್ಷಗಳು ಬೇಕು. ಆದ್ದರಿಂದ ಒಂದೆರಡು ಎಕರೆಯ ತೋಟವನ್ನೇ ನಂಬಿದ ಕುಟುಂಬಕ್ಕೆ ಕೊಳೆರೋಗವು ಸಾಲಕ್ಕೆ ದಾರಿಯಾಗುತ್ತಿತ್ತು.

ಇದಕ್ಕೆ ಬೆಳೆಗಾರರು ತಮ್ಮದೇ ಉಪಾಯವನ್ನು ಕಂಡುಕೊಂಡಿದ್ದರು. ಮಳೆಗಾಲಕ್ಕೆ ಮೊದಲು ಅಡಿಕೆ ಹಾಳೆಯಿಂದ ಅಥವಾ ಕರಡ ಎಂಬ ಹುಲ್ಲಿನಿಂದ ಮಾಡಿದ ಕೊಟ್ಟೆಗಳನ್ನು ಗೊನೆಗಳ ಮೇಲೆ ಕಟ್ಟುತ್ತಿದ್ದರು. ಮಳೆಯ ನೀರು ಕಾಯಿಯನ್ನು ಸೋಕದಿದ್ದರೆ ಕೊಳೆ ಬರುವುದಿಲ್ಲ ಎಂಬ ಅನುಭವವೇ ಇದರ ಆಧಾರ. ಉಪಾಯ ಫಲಕಾರಿಯಾಗಿತ್ತು. ಆದರೆ ಪ್ರತಿ ಗೊನೆಗೂ ಕೊಟ್ಟೆ ಹೆಣೆದು, ಪ್ರತಿ ಮರವನ್ನೂ ಹತ್ತಿ ಕಟ್ಟಬೇಕಾಗಿದ್ದುದರಿಂದ ಕೂಲಿ ಮತ್ತು ಸಾಮಗ್ರಿ ಎರಡೂ ಬಹಳ ಬೇಕಾಗುತ್ತಿದ್ದವು.

ರೋಗಕಾರಕದ ಗುರುತಿಸುವಿಕೆ

ಕೋಲ್ಮನ್ ರೋಗಪೀಡಿತ ಕಾಯಿಗಳಿಂದ ಜೀವಿಯನ್ನು ಬೇರ್ಪಡಿಸಿ ಬೆಳೆಸಿ, ಅದು ಫೈಟೊಫ್ತೊರ ಎಂಬ ಕುಲಕ್ಕೆ ಸೇರಿದುದೆಂದು ತೋರಿಸಿದರು. ಅಡಿಕೆಯ ರೋಗಗಳನ್ನು ಕುರಿತ ಅವರ ಪುಸ್ತಿಕೆಯನ್ನು 1910ರಲ್ಲಿ ಮೈಸೂರು ಕೃಷಿ ಇಲಾಖೆ ಪ್ರಕಟಿಸಿತು. ಅದರಲ್ಲಿ ಅವರು ಈ ಜೀವಿಯನ್ನು ಫೈಟೊಫ್ತೊರ ಆಮ್ನಿವೋರ ಪ್ರಭೇದದ ಅರೆಕೆ ಎಂಬ ಉಪವಿಧವೆಂದು ವರ್ಣಿಸಿದರು. 1913ರಲ್ಲಿ ಐರ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಸಸ್ಯರೋಗ ತಜ್ಞ ಜಾರ್ಜ್ ಪೆತಿಬ್ರಿಜ್ ಇದನ್ನು ಫೈಟೊಫ್ತೊರ ಅರೆಕೆ ಎಂಬ ಪ್ರತ್ಯೇಕ ಪ್ರಭೇದವನ್ನಾಗಿ ಮಾಡಿದರು. ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು 1840ರ ದಶಕದಲ್ಲಿ ನಾಶಮಾಡಿ ಮಹಾಕ್ಷಾಮಕ್ಕೆ ಕಾರಣವಾದ ಜೀವಿಯೂ ಇದೇ ಕುಲದ್ದು.

ಕೋಲ್ಮನ್ ಕಾಲದಲ್ಲಿ ಫೈಟೊಫ್ತೊರವನ್ನು ಶಿಲೀಂಧ್ರವೆಂದೇ ಎಣಿಸಲಾಗುತ್ತಿತ್ತು. ಈಗ ಅದನ್ನು ನಿಜವಾದ ಶಿಲೀಂಧ್ರಗಳಿಂದ ಬೇರ್ಪಡಿಸಿ, ಕಂದು ಪಾಚಿಗಳಿಗೆ ಹತ್ತಿರವಾದ ಊಮೈಸೀಟ್ ಎಂಬ ಗುಂಪಿನಲ್ಲಿ ಸೇರಿಸಲಾಗಿದೆ. ಇದರ ಬೀಜಕಗಳಿಗೆ ಕಶಾಂಗಗಳಿದ್ದು, ಅವು ನೀರಿನ ತೆಳುಪದರದಲ್ಲಿ ಈಜಬಲ್ಲವು. ಮಳೆಹನಿ ಸಿಡಿದಾಗ ಬೀಜಕಕೋಶಗಳು ಕಾಯಿಯಿಂದ ಕಾಯಿಗೆ, ಗಾಳಿಮಳೆಯಲ್ಲಿ ಮರದಿಂದ ಮರಕ್ಕೆ ಸಾಗುತ್ತವೆ. ಕೊಟ್ಟೆ ಕಟ್ಟಿದ ಗೊನೆ ಉಳಿಯುತ್ತಿದ್ದುದೇಕೆ ಎಂಬುದಕ್ಕೆ ಇದು ಉತ್ತರ. ಬೇಸಗೆಯಲ್ಲಿ ಈ ಜೀವಿ ಕಾಣೆಯಾದಂತೆ ತೋರಿದರೂ ಮರದಲ್ಲೇ ಒಣಗಿ ನಿಂತ ರೋಗದ ಗೊನೆಗಳಲ್ಲಿ, ಸತ್ತ ಮರಗಳ ಸುಳಿಯಲ್ಲಿ ಮತ್ತು ಉದುರಿದ ಕಾಯಿಗಳಲ್ಲಿ ಉಳಿದುಕೊಳ್ಳುತ್ತದೆ. ಆದ್ದರಿಂದ ರೋಗದ ಗೊನೆಗಳನ್ನು ತೆಗೆದು ಸುಡುವುದು, ಬಿದ್ದ ಕಾಯಿಗಳನ್ನು ಆರಿಸುವುದು ಮತ್ತು ತೋಟದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆಗಳನ್ನು ಸರಿಯಾಗಿಡುವುದು ನಿಯಂತ್ರಣದ ಭಾಗವೇ ಆಗಿವೆ.

ಬೋರ್ಡೋ ದ್ರಾವಣ

ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಬೆರೆಸಿ ಮಾಡುವ ಬೋರ್ಡೋ ದ್ರಾವಣವನ್ನು ಫ್ರಾನ್ಸಿನ ಬೋರ್ಡೋದಲ್ಲಿ ಪಿಯರ್ ಮಿಲಾರ್ಡೆ 1885ರಲ್ಲಿ ಪ್ರಚುರಪಡಿಸಿದ್ದರು. ಅದು ದ್ರಾಕ್ಷಿಯ ಬೂಜು ರೋಗಕ್ಕೆ ಮದ್ದಾಗಿತ್ತು. ಆ ರೋಗದ ಜೀವಿಯೂ ಫೈಟೊಫ್ತೊರಕ್ಕೆ ಸಂಬಂಧಿಯೇ. ಆದರೆ ಆಳೆತ್ತರದ ದ್ರಾಕ್ಷಿ ಬಳ್ಳಿಗೂ ಹತ್ತಾಳೆತ್ತರದ ಅಡಿಕೆ ಮರಕ್ಕೂ ಬಹಳ ಅಂತರವಿದೆ. ಮಲೆನಾಡಿನ ಮಳೆಯೂ ಫ್ರಾನ್ಸಿನ ಮಳೆಯಂತಲ್ಲ. ಮೂರು ತಿಂಗಳು ಬಿಡದೆ ಸುರಿಯುವ ನೀರಿನಲ್ಲಿ ಮದ್ದು ಕಾಯಿಯ ಮೇಲೆ ನಿಲ್ಲಬೇಕಿತ್ತು.

ಕೋಲ್ಮನ್ ರೂಪಿಸಿದ ಕ್ರಮವು ಮಲೆನಾಡಿನಲ್ಲಿ ಮೊದಲೇ ಇದ್ದ ಕೌಶಲವನ್ನು ಆಧರಿಸಿತ್ತು. ಕೊನೆಗೌಡರು ಅಡಿಕೆ ಮರದ ತುದಿಗೇರಿ, ಮರವನ್ನು ಬಾಗಿಸಿ, ನೆಲಕ್ಕಿಳಿಯದೆಯೇ ಒಂದು ಮರದಿಂದ ಇನ್ನೊಂದಕ್ಕೆ ಸಾಗಬಲ್ಲವರು. ದ್ರಾವಣವನ್ನು ಗೊನೆಗಳ ಮೇಲೆ ನೇರವಾಗಿ ಸಿಂಪಡಿಸಲು ಈ ಜಾಣ್ಮೆಯೇ ಸಾಕಾಯಿತು. ಮೈಲುತುತ್ತ ಅಂಗಡಿಯಲ್ಲಿ ಸಿಗುತ್ತಿತ್ತು, ಸುಣ್ಣ ಊರಿನಲ್ಲೇ ದೊರೆಯುತ್ತಿತ್ತು. ದ್ರಾವಣವನ್ನು ಬೆಳೆಗಾರರೇ ತೋಟದಲ್ಲಿ ತಯಾರಿಸಿಕೊಳ್ಳಬಹುದಾಗಿತ್ತು. ಮುಂಗಾರು ಬಲಗೊಳ್ಳುವ ಮೊದಲು ಒಮ್ಮೆ, ಸುಮಾರು 40–45 ದಿನಗಳ ಬಳಿಕ ಮತ್ತೊಮ್ಮೆ ಸಿಂಪಡಿಸುವುದು ರೂಢಿಯಾಯಿತು. ಈಗ ಸಾಮಾನ್ಯವಾಗಿ ಬಳಸುವ ಶೇಕಡ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ತಲಾ 1 ಕಿಲೊ ಮೈಲುತುತ್ತ ಮತ್ತು ಸುಣ್ಣ ಬೇಕು. ಮಳೆಗೆ ತೊಳೆದುಹೋಗದಂತೆ ರಾಳ ಮತ್ತು ಸೋಡಾವನ್ನು ಅಂಟಾಗಿ ಸೇರಿಸುವ ಪದ್ಧತಿಯೂ ಬಂದಿತು.

ಈ ಮದ್ದು ರೋಗವನ್ನು ತಡೆಯುತ್ತದೆಯೇ ಹೊರತು ಗುಣಪಡಿಸುವುದಿಲ್ಲ. ಕೊಳೆ ಕಾಣಿಸಿಕೊಂಡ ಮೇಲೆ ಸಿಂಪಡಿಸಿದರೆ ಕೊಳೆತ ಕಾಯಿ ಉಳಿಯದು. ಉಳಿದ ಕಾಯಿಗಳಿಗೆ ರಕ್ಷಣೆ ಮಾತ್ರ ಸಿಗುತ್ತದೆ. ಆದ್ದರಿಂದ ಇನ್ನೂ ಬಾರದ ರೋಗಕ್ಕಾಗಿ ಹಣ ಖರ್ಚು ಮಾಡುವಂತೆ ಬೆಳೆಗಾರರನ್ನು ಒಪ್ಪಿಸಬೇಕಾಗಿತ್ತು. ಇಲಾಖೆ ತೋಟಗಳಲ್ಲಿಯೇ ಪ್ರಾತ್ಯಕ್ಷಿಕೆಗಳನ್ನು ನಡೆಸಿತು. ಸಿಂಪಡಿಸಿದ ಮತ್ತು ಸಿಂಪಡಿಸದ ಮರಗಳು ಅಕ್ಕಪಕ್ಕದಲ್ಲಿದ್ದಾಗ ವ್ಯತ್ಯಾಸ ತಾನಾಗಿ ತಿಳಿಯುತ್ತಿತ್ತು. ಕ್ರಮೇಣ ಈ ಪದ್ಧತಿ ಮೈಸೂರು ಸಂಸ್ಥಾನದ ಗಡಿಯನ್ನು ದಾಟಿ ಪಶ್ಚಿಮ ಘಟ್ಟದ ಅಡಿಕೆ ಸೀಮೆಗಳೆಲ್ಲಕ್ಕೂ ಹಬ್ಬಿತು.

ಕಾಫಿಯ ಕಪ್ಪು ಕೊಳೆರೋಗ

ಕಾಫಿ ತೋಟಗಳಲ್ಲಿ ಮಳೆಗಾಲದಲ್ಲಿ ಕಾಣಿಸುವ ಇನ್ನೊಂದು ರೋಗಕ್ಕೂ ಜನ ಕೊಳೆರೋಗವೆಂದೇ ಹೆಸರಿಟ್ಟಿದ್ದರು. 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರ ವಿಜ್ಞಾನಿ ಎಂ. ಸಿ. ಕುಕ್ ಈ ರೋಗದ ಶಿಲೀಂಧ್ರಕ್ಕೆ ಪೆಲ್ಲಿಕ್ಯುಲೇರಿಯ ಕೊಳೆರೋಗ ಎಂದು ನಾಮಕರಣ ಮಾಡಿದ್ದರಿಂದ ಕನ್ನಡದ ಈ ಪದ ವಿಜ್ಞಾನದ ಹೆಸರುಗಳ ಪಟ್ಟಿಯಲ್ಲಿ ಸೇರಿತು. ಹೆಸರು ಒಂದೇ ಆದರೂ ಎರಡು ರೋಗಗಳ ಜೀವಿಗಳು ಬೇರೆ ಬೇರೆ. ಕಾಫಿಯ ಕೊಳೆರೋಗವು ನಿಜವಾದ ಶಿಲೀಂಧ್ರದಿಂದ ಬರುತ್ತದೆ. ಅದರ ಎಳೆಗಳು ರೆಂಬೆಯ ಮೇಲೆ ಹಬ್ಬಿ ಎಲೆಯ ಅಡಿಭಾಗದಲ್ಲಿ ಜೇಡರ ಬಲೆಯಂತಹ ಹೊದಿಕೆಯನ್ನು ಮಾಡುತ್ತವೆ. ಕಪ್ಪಾಗಿ ಸತ್ತ ಎಲೆಗಳು ಉದುರದೆ ಈ ಎಳೆಗಳಿಗೆ ಜೋತುಬೀಳುತ್ತವೆ. ಅವು ತಾಗಿದ ಎಲೆಗೆ ರೋಗ ಅಂಟುತ್ತದೆ.

ಕೋಲ್ಮನ್, ವೆಂಕಟರಾವ್ ಮತ್ತು ನರಸಿಂಹನ್ ಅವರು ಮೈಸೂರಿನ ಕಾಫಿ ತೋಟಗಳಲ್ಲಿ ಈ ರೋಗವನ್ನು ಅಧ್ಯಯನ ಮಾಡಿ 1923ರಲ್ಲಿ ವರದಿಯನ್ನು ಪ್ರಕಟಿಸಿದರು. ದಟ್ಟ ನೆರಳು, ಮಂಜು ಮತ್ತು ಗಾಳಿಯಾಡದ ಗಿಡದ ನಡುಭಾಗ ಇವು ರೋಗಕ್ಕೆ ಅನುಕೂಲವಾದವು. ನೆರಳನ್ನು ಹದವಾಗಿ ಬಿಡಿಸುವುದು, ಗಿಡದ ನಡುವೆ ಗಾಳಿ ಬೆಳಕು ಆಡುವಂತೆ ಚಿಗುರು ತೆಗೆಯುವುದು, ರೋಗದ ರೆಂಬೆಗಳನ್ನು ಕತ್ತರಿಸಿ ಸುಡುವುದು ಮತ್ತು ಎಲೆಯ ಅಡಿಗೆ ತಲುಪುವಂತೆ ಬೋರ್ಡೋ ದ್ರಾವಣ ಸಿಂಪಡಿಸುವುದು ಇದರ ನಿಯಂತ್ರಣಕ್ರಮಗಳಾಗಿ ಉಳಿದಿವೆ.

ಕಾಫಿ ಸಂಶೋಧನೆಗಾಗಿ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಘಟಕವೊಂದು ಆರಂಭವಾಗಿತ್ತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. ಎಲೆ ತುಕ್ಕು ರೋಗವನ್ನು ತಡೆದುಕೊಳ್ಳಬಲ್ಲ ಅರೇಬಿಕ ತಳಿಗಳ ಆಯ್ಕೆ ಇಲ್ಲಿಯ ಮುಖ್ಯ ಕಾರ್ಯಗಳಲ್ಲೊಂದಾಯಿತು. ಮುಂದೆ ಕಾಫಿ ಮಂಡಳಿಯ ಅಧೀನಕ್ಕೆ ಬಂದ ಈ ಕೇಂದ್ರವೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ.

ಶ್ರೀಗಂಧದ ಸ್ಪೈಕ್ ರೋಗ

ಶ್ರೀಗಂಧ ಮೈಸೂರು ಸಂಸ್ಥಾನದ ರಾಜಾದಾಯದ ಮುಖ್ಯ ಮೂಲವಾಗಿತ್ತು. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲಾದ ಸ್ಪೈಕ್ ರೋಗವು ಕೊಡಗು ಮತ್ತು ಮೈಸೂರಿನ ಕಾಡುಗಳಲ್ಲಿ ಅಪಾರ ಸಂಖ್ಯೆಯ ಗಂಧದ ಮರಗಳನ್ನು ಬಲಿತೆಗೆದುಕೊಂಡಿತು. ರೋಗ ತಗುಲಿದ ಮರದ ಎಲೆಗಳು ಕಿರಿದಾಗಿ ಸೆಟೆದು ನಿಲ್ಲುತ್ತವೆ, ಹೂ ಕಾಯಿ ನಿಲ್ಲುತ್ತದೆ, ಕೆಲವು ವರ್ಷಗಳಲ್ಲಿ ಮರ ಒಣಗುತ್ತದೆ. ಗಂಧದ ಮರ ನೆರೆಯ ಗಿಡಗಳ ಬೇರಿನಿಂದ ಆಹಾರ ಹೀರುವ ಅರೆಪರಾವಲಂಬಿ. ಹಾಗಾಗಿ ಬೇರಿನ ತೊಂದರೆ, ಕಾಡಿನ ಬೆಂಕಿ, ಬರ ಹೀಗೆ ನಾನಾ ಕಾರಣಗಳನ್ನು ಊಹಿಸಲಾಗಿತ್ತು.

ರೋಗದ ಮರದ ಕಡ್ಡಿಯನ್ನು ಆರೋಗ್ಯವಂತ ಗಿಡಕ್ಕೆ ಕಸಿ ಮಾಡಿದಾಗ ರೋಗ ಅದಕ್ಕೂ ಅಂಟುತ್ತದೆಂದು ಕೋಲ್ಮನ್ ಪ್ರಯೋಗದಿಂದ ತೋರಿಸಿ, 1917ರಲ್ಲಿ ಪ್ರಕಟಿಸಿದರು. ಇದರಿಂದ ಸ್ಪೈಕ್ ಒಂದು ಅಂಟುರೋಗವೆಂಬುದು ಸ್ಪಷ್ಟವಾಯಿತು. ಸೂಕ್ಷ್ಮದರ್ಶಕದಲ್ಲಿ ಯಾವ ಶಿಲೀಂಧ್ರವೂ ಕಾಣದಿದ್ದುದರಿಂದ ಇದು ವೈರಸ್‌ನಿಂದ ಬರುವ ರೋಗವೆಂದು ಬಹುಕಾಲ ಭಾವಿಸಲಾಗಿತ್ತು. 1969ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ, ಈಗ ಫೈಟೊಪ್ಲಾಸ್ಮ ಎಂದು ಕರೆಯಲಾಗುವ ಜೀವಿಗಳು ರೋಗಗ್ರಸ್ತ ಮರಗಳಲ್ಲಿ ಪತ್ತೆಯಾದವು.

ಜೋಳದ ಮಿಡತೆ

ಕೋಲ್ಮನ್ ಅವರ ಕೆಲಸ ಮಲೆನಾಡಿಗೆ ಸೀಮಿತವಾಗಿರಲಿಲ್ಲ. ಮೈಸೂರಿನ ಒಣ ಬಯಲಿನಲ್ಲಿ ಜೋಳವನ್ನು ಮೇಯುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯೊಂದನ್ನು ಅವರು ಪರಿಶೀಲಿಸಿದರು. ಸ್ಪೇನಿನ ಕೀಟ ವಿಜ್ಞಾನಿ ಇಗ್ನಾಸಿಯೊ ಬೊಲಿವಾರ್ 1910ರಲ್ಲಿ ಇದನ್ನು ಹೊಸ ಕುಲವೆಂದು ವರ್ಣಿಸಿ, ಕೋಲ್ಮನ್ ಅವರ ಗೌರವಾರ್ಥ ಕೋಲ್ಮೇನಿಯ ಸ್ಫೆನೇರಿಯಾಯ್ಡಿಸ್ ಎಂದು ಹೆಸರಿಸಿದರು. ಮರುವರ್ಷ ಈ ಮಿಡತೆಯನ್ನು ಕುರಿತು ಕೋಲ್ಮನ್ ಮತ್ತು ಕುಂಞಿ ಕಣ್ಣನ್ ಅವರ ಪುಸ್ತಿಕೆ ಹೊರಬಂದಿತು.

ಈ ಮಿಡತೆಗೆ ವರ್ಷಕ್ಕೆ ಒಂದೇ ಪೀಳಿಗೆ. ಹಿಂಗಾರಿನ ಹೊತ್ತಿಗೆ ಮಣ್ಣಿನಲ್ಲಿಟ್ಟ ಮೊಟ್ಟೆಗಳು ಬೇಸಗೆಯನ್ನು ಕಳೆದು, ಮುಂಗಾರಿನ ಮೊದಲ ಮಳೆಗಳೊಂದಿಗೆ ಒಡೆಯುತ್ತವೆ. ಹಾರಲಾರದ ಕೀಟವಾದ್ದರಿಂದ ಅದರ ಹರಡುವಿಕೆ ನಿಧಾನ. ಮರಿಗಳು ಚಿಕ್ಕವಿರುವಾಗಲೇ ಚೀಲದ ಬಲೆಗಳಿಂದ ಹಿಡಿದು ನಾಶಪಡಿಸುವುದು ಮತ್ತು ಉಳುಮೆಯಿಂದ ಮೊಟ್ಟೆಗಳನ್ನು ಬಿಸಿಲಿಗೆ ಒಡ್ಡುವುದು ಇದರ ನಿಯಂತ್ರಣಕ್ಕೆ ಒದಗುವ ಸರಳ ಕ್ರಮಗಳು.

ದಖ್ಖನಿನ ಜೋಳದ ಸೀಮೆ ಮೈಸೂರಿನ ಗಡಿಯಲ್ಲಿ ಮುಗಿಯುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳನ್ನು ಒಳಗೊಂಡ ವಿಜಾಪುರ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದು, ಕೋಲ್ಮನ್ ಅವರ ಇಲಾಖೆಯ ವ್ಯಾಪ್ತಿಯ ಹೊರಗಿತ್ತು. ಆದರೂ ಬಿಳಿಜೋಳವೇ ಮುಖ್ಯ ಆಹಾರವಾದ ಆ ಕಪ್ಪುಮಣ್ಣಿನ ಸೀಮೆಯಲ್ಲಿಯೂ ತಾಮ್ರದ ಮದ್ದು ಬೇರೊಂದು ರೂಪದಲ್ಲಿ ಉಪಯೋಗಕ್ಕೆ ಬಂದಿತು. ತೆನೆಯ ಕಾಳುಗಳನ್ನು ಕಪ್ಪು ಪುಡಿಯಾಗಿಸುವ ಕಾಡಿಗೆ ರೋಗದ ಬೀಜಕಗಳು ಬಿತ್ತನೆಯ ಬೀಜಕ್ಕೆ ಅಂಟಿಕೊಂಡೇ ಮುಂದಿನ ಬೆಳೆಗೆ ಸಾಗುತ್ತವೆ. ಬೀಜವನ್ನು ಮೈಲುತುತ್ತದ ನೀರಿನಲ್ಲಿ ಅದ್ದಿ ಒಣಗಿಸಿ ಬಿತ್ತುವುದರಿಂದ ಅದನ್ನು ತಡೆಯಬಹುದಾಗಿತ್ತು. ಅಡಿಕೆಯ ಕೊಳೆ ಮಳೆಹನಿಯಲ್ಲಿ ಹರಡಿದರೆ ಜೋಳದ ಕಾಡಿಗೆ ರೈತನ ಬೀಜದ ಚೀಲದಲ್ಲೇ ಸಾಗುತ್ತಿತ್ತು. ಹಾಗಾಗಿ ಒಂದೇ ತಾಮ್ರವನ್ನು ಒಂದೆಡೆ ಮರದ ತುದಿಯಲ್ಲಿ, ಇನ್ನೊಂದೆಡೆ ಬಿತ್ತನೆಯ ಬೀಜದ ಮೇಲೆ ಬಳಸಬೇಕಾಯಿತು.

ಇತರ ಕಾರ್ಯಗಳು

ಹೆಬ್ಬಾಳದಲ್ಲಿ ರಾಗಿ ತಳಿಗಳ ಆಯ್ಕೆ ನಡೆದು ಎಚ್-22 ಎಂಬ ತಳಿ ಹೊರಬಂದಿತು. ರೈತರು ಮತ್ತು ಇಲಾಖೆಯ ನಡುವೆ ಸಂಪರ್ಕ ಕಲ್ಪಿಸಲು ಮೈಸೂರು ಕೃಷಿ ಮತ್ತು ಪ್ರಯೋಗ ಸಂಘ ಸ್ಥಾಪನೆಯಾಗಿ, ತನ್ನದೇ ಪತ್ರಿಕೆಯನ್ನು ಪ್ರಕಟಿಸಿತು.

ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯ (ಇಂದಿನ ವಿಶ್ವೇಶ್ವರಯ್ಯ ನಾಲೆ) ಮೂಲಕ ಮಂಡ್ಯ ಸೀಮೆಗೆ ಹರಿದಾಗ ಅಲ್ಲಿಯ ರೈತರಿಗೆ ನೀರಾವರಿ ಬೇಸಾಯ ಹೊಸದಾಗಿತ್ತು. ಕಬ್ಬಿನ ಬೇಸಾಯ ಮತ್ತು ಸಕ್ಕರೆ ಕಾರ್ಖಾನೆಯ ಯೋಜನೆಯಲ್ಲಿ ಕೋಲ್ಮನ್ ಮುಂದಾಳಾಗಿ ದುಡಿದರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮಂಡ್ಯದ ಬಳಿಯ ವಿ. ಸಿ. ಫಾರಂ ನಾಲಾ ಪ್ರದೇಶದ ಬೆಳೆಗಳ ಪ್ರಯೋಗಕ್ಷೇತ್ರವಾಗಿ ಬೆಳೆಯಿತು.

ನಿವೃತ್ತಿ ಮತ್ತು ನಿಧನ

ಕೋಲ್ಮನ್ 1934ರಲ್ಲಿ ಮೈಸೂರಿನ ಸೇವೆಯಿಂದ ನಿವೃತ್ತರಾಗಿ ಕೆನಡಕ್ಕೆ ಮರಳಿದರು. ಅಲ್ಲಿ ಅವರು ಸಸ್ಯಗಳ ಜೀವಕೋಶ ಮತ್ತು ವರ್ಣತಂತುಗಳ ಅಧ್ಯಯನದಲ್ಲಿ ತೊಡಗಿದರು. 1954ರಲ್ಲಿ ನಿಧನರಾದರು.

ಪರಂಪರೆ

ಕೋಲ್ಮನ್ ಆರಂಭಿಸಿದ ಶಿಲೀಂಧ್ರ ಸಂಶೋಧನೆಯನ್ನು ಅವರ ಸಹೋದ್ಯೋಗಿಗಳು ಮುಂದುವರಿಸಿದರು. ನರಸಿಂಹನ್ 1930ರಲ್ಲಿ ಮೈಸೂರಿನ ಫೈಟೊಫ್ತೊರಗಳಲ್ಲಿ, ಪರಸ್ಪರ ಕೂಡಿದಾಗ ಮಾತ್ರ ಲೈಂಗಿಕ ಬೀಜಕಗಳನ್ನು ಉಂಟುಮಾಡುವ ಬೇರೆ ಬೇರೆ ಬಗೆಗಳಿವೆ ಎಂದು ತೋರಿಸಿದರು. ಹೆಬ್ಬಾಳದ ಕೃಷಿ ಶಾಲೆ 1946ರಲ್ಲಿ ಕಾಲೇಜಾಗಿ, 1960ರ ದಶಕದಲ್ಲಿ ಕೃಷಿ ವಿಶ್ವವಿದ್ಯಾಲಯದ ಭಾಗವಾಯಿತು.

ಕೊಳೆರೋಗದ ಜೀವಿಯ ಹೆಸರು ನಂತರದ ಸಂಶೋಧನೆಗಳಲ್ಲಿ ಬದಲಾಗಿದೆ. ಫೈಟೊಫ್ತೊರ ಅರೆಕೆಯನ್ನು ಫೈಟೊಫ್ತೊರ ಪಾಮಿವೋರದೊಡನೆ ಸೇರಿಸಿದವರಿದ್ದಾರೆ. ಕರ್ನಾಟಕದ ತೋಟಗಳಿಂದ ಫೈಟೊಫ್ತೊರ ಮೀಡಿಯೈ ಪ್ರಭೇದವೂ ವರದಿಯಾಗಿದೆ. ಹೆಸರು ಬದಲಾದರೂ ರೋಗದ ನಡತೆ ಬದಲಾಗಿಲ್ಲ. ಮಳೆ ಎಡೆಬಿಡದೆ ಸುರಿದು ಎರಡನೆಯ ಸಿಂಪಡಣೆಗೆ ಬಿಡುವು ಸಿಗದ ವರ್ಷಗಳಲ್ಲಿ ಕೊಳೆರೋಗ ಇಂದಿಗೂ ದೊಡ್ಡ ನಷ್ಟವನ್ನುಂಟುಮಾಡುತ್ತದೆ; 2013ರ ಮಳೆಗಾಲದಲ್ಲಿ ದಕ್ಷಿಣ ಕನ್ನಡದ ತೋಟಗಳು ಇದನ್ನು ಅನುಭವಿಸಿದವು. ದಶಕಗಳ ಸಿಂಪಡಣೆಯಿಂದ ತೋಟದ ಮಣ್ಣಿನಲ್ಲಿ ತಾಮ್ರ ಸಂಗ್ರಹವಾಗುವುದು ಮತ್ತು ಮರ ಹತ್ತುವ ಕುಶಲ ಕೆಲಸಗಾರರು ಕಡಿಮೆಯಾಗುತ್ತಿರುವುದು ಈ ಪದ್ಧತಿಯ ಮುಂದಿರುವ ಎರಡು ಸಮಸ್ಯೆಗಳು. ಉದ್ದನೆಯ ದೋಟಿಗಳಿಂದ ನೆಲದಲ್ಲೇ ನಿಂತು ಸಿಂಪಡಿಸುವ ಸಾಧನಗಳು ಇತ್ತೀಚೆಗೆ ಬಳಕೆಗೆ ಬಂದಿವೆ. ಆದರೆ ದ್ರಾವಣ ಇಂದಿಗೂ ಮೈಲುತುತ್ತ ಮತ್ತು ಸುಣ್ಣದ್ದೇ ಆಗಿದೆ.